ಆರು ಅರೆಯುವ ಕಲ್ಲು ಮತ್ತು ನನ್ನ ನೆರವು

ಇನ್ನೊಬ್ಬರಿಗೆ ನೆರವಾಗುವುದೂ ಒಂದು ಕಾಯಿಲೆ ಎಂದು ನನಗೆ ತಿಳಿದದ್ದು ತೀರ ಈಚೆಗೆ. ಕೆಲವರಿಗೆ ಸಿಹಿ ಕಂಡರೆ ಕೈ ತಡೆಯುವುದಿಲ್ಲ, ಕೆಲವರಿಗೆ ಸೇಲ್ ಅನ್ನುವ ಬೋರ್ಡು ಕಂಡರೆ ಕಾಲು ಮುಂದೆ ಹೋಗುವುದಿಲ್ಲ. ನನಗೆ ಯಾರಾದರೂ ಪೇಚಿಗೆ ಸಿಕ್ಕಿಕೊಂಡಿರುವುದು ಕಂಡರೆ ಬಾಯಿ ಸುಮ್ಮನಿರುವುದಿಲ್ಲ. ಕೇಳದಿದ್ದರೂ ಉಪಾಯ ಹೇಳುತ್ತೇನೆ, ಹೇಳಿದ ಮೇಲೆ ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ಪಕ್ಕದಲ್ಲೇ ನಿಂತು ನೋಡುತ್ತೇನೆ, ನಡೆಯದಿದ್ದರೆ ನಾನೇ ಕೈ ಹಾಕುತ್ತೇನೆ. ನನ್ನ ಗಂಡ ಶಿವಾನಂದ ಫ್ರಿಜ್ಜಿನಲ್ಲಿ ಮೊಸರು ಹುಡುಕುವಾಗಲೂ ನಾನು ಹಿಂದೆ ನಿಂತು, "ಎರಡನೇ ಶೆಲ್ಫು, ಎಡಗಡೆ, ಹಾಲಿನ ಹಿಂದೆ" ಅನ್ನುತ್ತಿರುತ್ತೇನೆ. ಅವರು ಹುಡುಕುತ್ತಿದ್ದದ್ದು ಮೊಸರಲ್ಲ, ಉಪ್ಪಿನಕಾಯಿ ಎಂದು ಆಮೇಲೆ ಗೊತ್ತಾಗುತ್ತದೆ.

ದುರದೃಷ್ಟಕ್ಕೆ ನನಗೆ ಸಿಕ್ಕಿರುವ ಉದ್ಯೋಗವೂ ಇದೇ. ಟೊರಾಂಟೊದ ಒಂದು ವಿಶ್ವವಿದ್ಯಾಲಯದಲ್ಲಿ, ಇತಿಹಾಸ ಶುರುವಾಗುವ ಮೊದಲಿನ ಮನುಷ್ಯರ ಬಗ್ಗೆ, ಮನುಷ್ಯ ಮನುಷ್ಯನಾದದ್ದು ಹೇಗೆ ಎಂಬುದರ ಬಗ್ಗೆ ಸಂಶೋಧನೆ ಮಾಡುವ ಒಂದು ಸಣ್ಣ ವಿಭಾಗವಿದೆ. ಅಲ್ಲಿ ಸಂಶೋಧನೆಗೂ ವಿದ್ಯಾರ್ಥಿಗಳ ತರಬೇತಿಗೂ ನೆರವು ಒದಗಿಸುವುದು ನನ್ನ ಕೆಲಸ. ನಾನು ನೆಲ ಅಗೆಯುವುದಿಲ್ಲ. ಅಗೆಯಲು ಹೋಗುವವರಿಗೆ ವ್ಯಾನು ಗೊತ್ತುಮಾಡುವುದು, ಹಾವು ಕಚ್ಚಿದರೆ ಯಾರಿಗೆ ಫೋನು ಮಾಡಬೇಕು ಎಂಬ ಫಾರಮ್ಮಿಗೆ ಸಹಿ ಹಾಕಿಸುವುದು, ಅವರು ಕಳಿಸಿದ ಕಲ್ಲುಗಳ ಪೆಟ್ಟಿಗೆ ಬಂದರೆ ಇಳಿಸಿಕೊಳ್ಳುವುದು ಇವೆಲ್ಲ ನನ್ನದು. ನಮ್ಮ ಕನ್ನಡದ ಜನ ಹಬ್ಬಕ್ಕೆ ಸೇರಿದಾಗೆಲ್ಲ, "ನೀವು ಆ ಡೈನೋಸಾರ್ ಡಿಪಾರ್ಟ್‌ಮೆಂಟಲ್ಲಿ ಅಲ್ವಾ ಇರೋದು?" ಎಂದು ಕೇಳುತ್ತಾರೆ. ಡೈನೋಸಾರಿಗೂ ಮನುಷ್ಯನಿಗೂ ಭೇಟಿಯೇ ಆಗಿರಲಿಲ್ಲ ಎಂದು ನಾಲ್ಕೈದು ವರ್ಷ ವಿವರಿಸಿ ಸಾಕಾಯಿತು. ಈಗ "ಹೌದು, ಅಲ್ಲೇ" ಅಂದುಬಿಡುತ್ತೇನೆ. ಒಮ್ಮೆ ಆದಿಮಾನವನ ತಲೆಬುರುಡೆಯ ಪ್ಲಾಸ್ಟಿಕ್ ಪ್ರತಿಯೊಂದನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಪಕ್ಕದೂರು ಮಿಸಿಸಾಗದ ನಮ್ಮ ಮನೆಗೆ ತಂದಿದ್ದೆ. ಬ್ರೇಕು ಹಾಕಿದಾಗ ಅದು ಚೀಲದಿಂದ ಉರುಳಿ ಎದುರು ಸೀಟಿನವರ ಬೂಟಿಗೆ ತಾಗಿತು. ಆ ಮನುಷ್ಯ ಎತ್ತಿ ಕೈಗೆ ಕೊಟ್ಟು, ಏನೂ ಕೇಳದೆ, ಮುಂದಿನ ಸ್ಟಾಪಿನಲ್ಲಿ ಇಳಿದುಹೋದ. ಅದು ಅವನ ಸ್ಟಾಪಲ್ಲ ಎಂದು ಈಗಲೂ ನನ್ನ ಅನುಮಾನ.

ಇರಲಿ. ನಾನು ಹೇಳಹೊರಟದ್ದು ಎಮಿಲಿಯ ಕಲ್ಲುಗಳ ವಿಷಯ. ಎಮಿಲಿ ಟೊರಾಂಟೊ ಹತ್ತಿರದ ನ್ಯೂಮಾರ್ಕೆಟ್ ಎಂಬ ಊರಿನ ಹುಡುಗಿ, ನಮ್ಮ ವಿಭಾಗದ ಸಂಶೋಧನಾ ವಿದ್ಯಾರ್ಥಿನಿ. ವ್ಯವಸಾಯ ಎಂಬುದೇ ಇಲ್ಲದ ಕಾಲದಲ್ಲಿ ಜನ ಕಾಡುಹುಲ್ಲಿನ ಬೀಜಗಳನ್ನು ಕಲ್ಲಿನ ಮೇಲೆ ಅರೆದು ತಿನ್ನುತ್ತಿದ್ದರಂತೆ. ಅಂಥ ಹಳೆಯ ಕಲ್ಲು ಆಫ್ರಿಕಾದಲ್ಲಿ ಸಿಕ್ಕರೆ, ಅದರ ಮೇಲಿನ ಸವೆತ ನೋಡಿ, ಸಂದಿಯಲ್ಲಿ ಉಳಿದ ಹಿಟ್ಟಿನ ಕಣ ನೋಡಿ, ಏನನ್ನು ಅರೆದಿದ್ದರು ಎಂದು ಹೇಳುವುದು ಅವಳ ಪ್ರಬಂಧದ ವಿಷಯ. ಹಾಗೆ ಹೇಳಬೇಕಾದರೆ ಮೊದಲು ಇವತ್ತಿನ ಕಲ್ಲಿನ ಮೇಲೆ ಗೊತ್ತಿರುವ ಧಾನ್ಯ ಅರೆದು, ಅದರ ಗುರುತು ಹೇಗಿರುತ್ತದೆ ಎಂದು ಮೈಕ್ರೋಸ್ಕೋಪಿನಲ್ಲಿ ನೋಡಿ, ಎರಡನ್ನೂ ಹೋಲಿಸಬೇಕು. ಎಮಿಲಿ ಮೂರು ವಾರ ಲ್ಯಾಬಿನಲ್ಲಿ ನಿಂತುಕೊಂಡು ಅರೆದಳು. ಹೌದು, ನಿಂತುಕೊಂಡು, ಮೇಜಿನ ಮೇಲೆ ಕಲ್ಲಿಟ್ಟು. ಎರಡೂ ಮಣಿಕಟ್ಟಿಗೆ ಪಟ್ಟಿ ಬಂತು, ಅಂಗೈಯಲ್ಲಿ ಗುಳ್ಳೆ ಬಂತು, ಹಿಟ್ಟು ಮಾತ್ರ ಬರಲಿಲ್ಲ.

ವಿಭಾಗದ ಸಭೆಯಲ್ಲಿ ಅವಳ ಗೈಡು ಪ್ರೊಫೆಸರ್ ಗಾರ್ಡನ್ ಆ ಕಲ್ಲುಗಳನ್ನು ಬೆರಳಿಂದ ಸವರಿ ನೋಡಿದರು. ಒಳ್ಳೆಯ ಮನುಷ್ಯ, ಆದರೆ ಒಳ್ಳೆಯ ಸುದ್ದಿ ಹೇಳಲು ಬರುವುದಿಲ್ಲ. "ಇದು ಅರೆದವರ ಸವೆತ ಅಲ್ಲ, ಹೆಣಗಾಡಿದವರ ಸವೆತ. ಆ ಕಾಲದವರು ಹುಟ್ಟಿದಂದಿನಿಂದ ಇದನ್ನೇ ಮಾಡುತ್ತಿದ್ದವರು. ನಮಗೆ ಪಳಗಿದ ಕೈ ಬೇಕು" ಅಂದರು. ಇನ್ನು ಐದು ವಾರದಲ್ಲಿ ಸಮಿತಿಯ ಮುಂದೆ ಅವಳ ಪರಿಶೀಲನೆ ಇತ್ತು. ಹೋಲಿಕೆಯ ಕಲ್ಲುಗಳು ಸಿದ್ಧವಿಲ್ಲದಿದ್ದರೆ ಬೇಸಿಗೆಯಲ್ಲಿ ಆಫ್ರಿಕಾದ ಅಗೆತದ ತರಬೇತಿಗೆ ಅವಳ ಬದಲು ಬೇರೆಯವರನ್ನು ಕಳಿಸುತ್ತಾರೆ. ಎಮಿಲಿ ತಲೆ ತಗ್ಗಿಸಿ ಪಟ್ಟಿಯ ಅಂಚು ಕೀಳುತ್ತ ಕೂತಿದ್ದಳು. ನಾನು ಆ ಸಭೆಯಲ್ಲಿದ್ದದ್ದು ನಡಾವಳಿ ಬರೆದುಕೊಳ್ಳುವುದಕ್ಕೆ, ಬಾಯಿ ಬಿಡುವುದಕ್ಕಲ್ಲ. ಆದರೂ, "ನಮ್ಮ ಅತ್ತೆಗೆ ಬರುತ್ತೆ" ಅಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ಅಷ್ಟು ಜನ ವಿದ್ವಾಂಸರು ಒಟ್ಟಿಗೆ ನನ್ನನ್ನು ನೋಡಿದ್ದು ಅದೇ ಮೊದಲು. ಆ ಖುಷಿಯಲ್ಲಿ ನನ್ನ ಮಾತನ್ನು ನಾನೇ ನಡಾವಳಿಯಲ್ಲಿ ಬರೆದುಕೊಂಡೆ.

ನಮ್ಮ ಅತ್ತೆ ನೀಲವ್ವ ಗದಗಿನ ಕಡೆಯವರು. ನಾನು ಮೈಸೂರಿನವಳು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ನಮ್ಮಿಬ್ಬರ ಕನ್ನಡ ಇನ್ನೂ ಪೂರ್ತಿ ಸಂಧಾನಕ್ಕೆ ಬಂದಿಲ್ಲ. ಮೂರು ವರ್ಷದಿಂದ ಅವರು ನಮ್ಮ ಜೊತೆಗೇ ಇದ್ದಾರೆ. ಬೆಳಿಗ್ಗೆ ಪಾರ್ಕಿನಲ್ಲಿ ಪಂಜಾಬಿ ಅಜ್ಜಿಯರ ಜೊತೆ ಕೂತು ಹಿಂದಿ ಕಲಿತಿದ್ದಾರೆ, ಮಧ್ಯಾಹ್ನ ರೊಟ್ಟಿ ಬಡಿಯುತ್ತಾರೆ, ಸಂಜೆ ನನ್ನ ಅಡುಗೆಯನ್ನು ಏನೂ ಅನ್ನದೆ ತಿನ್ನುತ್ತಾರೆ. ಆ ಏನೂ ಅನ್ನದಿರುವುದು ಎಂಥ ಟೀಕೆ ಎಂದು ಸೊಸೆಯಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಿಷಯ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಬೀಸೂ ಕಲ್ಲೋ, ಅರಿಯೂ ಕಲ್ಲೋ?" ಎಂದು. ಎಮಿಲಿ ಕಳಿಸಿದ್ದ ಚಿತ್ರ ತೋರಿಸಿದೆ. ಚಪ್ಪಟೆ ಹಾಸುಕಲ್ಲು, ಮೇಲೆ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಉಜ್ಜುವ ಇನ್ನೊಂದು ಕಲ್ಲು. ಅತ್ತೆ ಕನ್ನಡಕ ಏರಿಸಿ ನೋಡಿ, "ಇದರಾಗ ಖಾರ ಅರೀತಾರವಾ. ಕಾಳು ಬೀಸೂದಕ್ಕ ಬೀಸೂ ಕಲ್ಲ ಬೇಕು" ಅಂದರು.

"ಆ ಕಾಲದಲ್ಲಿ ಬೀಸೋ ಕಲ್ಲು ಇನ್ನೂ ಬಂದಿರಲಿಲ್ಲವಂತೆ ಅತ್ತೆ."

"ಹಂಗಾದ್ರ ದಿನಾ ಇದರಾಗ ಅರೀತಿದ್ರೇನ? ಎಷ್ಟು ಮಂದಿಗೆ?"

"ಗೊತ್ತಿಲ್ಲ."

"ಪಾಪ, ಅವರ ಸೊಸ್ತೇರು" ಎಂದು ಅತ್ತೆ ನಿಟ್ಟುಸಿರು ಬಿಟ್ಟು, "ಹೂಂ, ಕರಿ ಆ ಹುಡುಗೀನ" ಅಂದರು.

ಹುಡುಗಿ ಬರುವ ಮೊದಲು ಕಾಗದ ಬಂತು. ಮನುಷ್ಯರನ್ನು ಸಂಶೋಧನೆಗೆ ಬಳಸಿಕೊಂಡರೆ ಅವರ ಒಪ್ಪಿಗೆ ಬರಹದಲ್ಲಿರಬೇಕು, ಅವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂಬ ನಿಯಮ. ವಿಭಾಗದಲ್ಲಿ ಕನ್ನಡ ಬಲ್ಲ ಸಿಬ್ಬಂದಿ ಯಾರು ಎಂದು ಹುಡುಕಿದರೆ ನಾನೊಬ್ಬಳೇ. ಹೀಗಾಗಿ ನನ್ನ ಅತ್ತೆಗೆ ನಾನೇ ಕೊಡುವ ನಾಲ್ಕು ಪುಟದ ಒಪ್ಪಿಗೆಪತ್ರವನ್ನು ಎರಡು ಭಾನುವಾರ ಕೂತು ಅನುವಾದ ಮಾಡಿದೆ. ಓದಿ ಹೇಳುವಾಗ ಅತ್ತೆ ಎಲ್ಲದಕ್ಕೂ ತಲೆಯಾಡಿಸಿದರು. "ನೀವು ಯಾವ ಹಂತದಲ್ಲಿ ಬೇಕಾದರೂ, ಕಾರಣ ಹೇಳದೆ, ಪ್ರಯೋಗದಿಂದ ಹೊರಬರಬಹುದು" ಅನ್ನುವಲ್ಲಿ ಮಾತ್ರ ಕೈ ಎತ್ತಿ ನಿಲ್ಲಿಸಿದರು.

"ಬೀಸಾಕ ಕುಂತಾಕಿ ನಡುವ ಎದ್ದು ಹೋಗೂದಂದ್ರೇನು? ಹಿಟ್ಟು ಯಾರ ತಗೀತಾರ?"

"ಅದು ನಿಮ್ಮ ಹಕ್ಕು ಅತ್ತೆ."

"ನಮ್ಮ ಅತ್ತಿಯವರಿಗೆ ಇದನ್ನ ಯಾರೂ ಓದಿ ಹೇಳಿರಲಿಲ್ಲ ನೋಡು" ಎಂದು ಸಹಿ ಹಾಕಿದರು.

ಒಂದು ಶನಿವಾರ ಎಮಿಲಿ ಬಂದಳು. ಅವಳ ಪುಟ್ಟ ಕಾರಿನ ಹಿಂಭಾಗ ಕಲ್ಲಿನ ಭಾರಕ್ಕೆ ನೆಲ ಮುಟ್ಟುವಂತಿತ್ತು. ಒಂದರಿಂದ ಆರರವರೆಗೆ ನಂಬರು ಬರೆದ ಆರು ಜೊತೆ ಕಲ್ಲು, ಒಂದು ಚೀಲ ನವಣೆ, ಒಂದು ಚೀಲ ಸಾವೆ. ಎಲ್ಲವನ್ನೂ ನಾವು ಬೇಸ್‌ಮೆಂಟಿಗೆ ಇಳಿಸಿದೆವು. ನಿಯಮಗಳನ್ನು ಎಮಿಲಿ ಹೇಳಿದಳು, ನಾನು ಅನುವಾದ ಮಾಡಿದೆ. ಒಂದು ಕಲ್ಲಿಗೆ ಒಂದೇ ಧಾನ್ಯ. ಕೂರುವ ಮೊದಲು ಕೈ ಚೆನ್ನಾಗಿ ತೊಳೆದುಕೊಳ್ಳಬೇಕು. ಕಲ್ಲನ್ನು ಮಾತ್ರ ತೊಳೆಯಬಾರದು, ಒರೆಸಬಾರದು. ಬೇರೆ ಯಾವ ತಿನ್ನುವ ಪದಾರ್ಥವೂ ಹತ್ತಿರ ಬರಬಾರದು. ಎಷ್ಟು ಸಲ ಉಜ್ಜಿದರು, ಎಷ್ಟು ಹೊತ್ತು ಕೂತರು, ಎಲ್ಲವನ್ನೂ ದಾಖಲೆ ಪುಸ್ತಕದಲ್ಲಿ ಬರೆಯಬೇಕು. "ಬರೆಯೋದು ನನಗೆ ಬಿಡು" ಅಂದೆ ನಾನು. ಯಾರೂ ಕೇಳಿರಲಿಲ್ಲ.

ಅತ್ತೆ ಚಾಪೆ ಹಾಸಿ, ಒಂದು ಕಾಲು ಚಾಚಿ, ಇನ್ನೊಂದು ಮಡಿಸಿ ಕೂತರು. ಒಂದು ಹಿಡಿ ನವಣೆ ಸುರಿದು, ಮೇಲಿನ ಕಲ್ಲಿಗೆ ಎರಡೂ ಕೈ ಇಟ್ಟು, ಭುಜದಿಂದ ಒಮ್ಮೆ ಮುಂದಕ್ಕೆ ತಳ್ಳಿ ಹಿಂದಕ್ಕೆಳೆದರು. ಕಾಳು ಅಲ್ಲೇ ಮುರಿದು ಪಕ್ಕಕ್ಕೆ ಸರಿಯಿತು. ಒಂದು ಕಾಳೂ ಹೊರಗೆ ಸಿಡಿಯಲಿಲ್ಲ. ಎಮಿಲಿ ನೆಲಕ್ಕೆ ಗಲ್ಲ ತಾಗಿಸಿ ಮಲಗಿ ನೋಡಿದಳು, ವೀಡಿಯೊ ಮಾಡಿಕೊಂಡಳು, "ಸುಮಾ, ಅವರು ಮಣಿಕಟ್ಟು ಬಳಸ್ತಾನೇ ಇಲ್ಲ" ಎಂದು ನನಗೆ ಪಿಸುಗುಟ್ಟಿದಳು. ಅತ್ತೆಗೂ ಅವಳು ಹಿಡಿಸಿದಳು. ಎಮಿಲಿ ಎಂಬ ಹೆಸರು ಅವರ ಕಿವಿಗೆ ಇಮ್ಲಿ ಎಂದು ಕೇಳಿಸಿತ್ತು. ಇಮ್ಲಿ ಅಂದರೆ ಹುಣಸೆಹಣ್ಣು ಎಂದು ಪಾರ್ಕಿನ ಅಜ್ಜಿಯರು ಕಲಿಸಿದ್ದರು. ಅಂದಿನಿಂದ ಆ ಹುಡುಗಿ ನಮ್ಮ ಮನೆಯಲ್ಲಿ ಹುಣಸಿಯಾದಳು. ಉಜ್ಜುವುದನ್ನು ಎಣಿಸಿ ಎಂದರೆ ಅತ್ತೆ ಒಪ್ಪಲಿಲ್ಲ. ಬೀಸುವಾಗ ಹಾಡದೆ ಇರಲು ಅವರಿಗೆ ಬರುವುದಿಲ್ಲ, ಹಾಡುವಾಗ ಎಣಿಸಲು ಬರುವುದಿಲ್ಲ. "ಎರಡ ಹಾಡಿನಷ್ಟು ಅಂತ ಬರ್ಕೊ" ಅಂದರು. ಎಮಿಲಿ ಹಾಡನ್ನು ರೆಕಾರ್ಡು ಮಾಡಿ, ಒಂದು ಹಾಡಿಗೆ ಎಷ್ಟು ಉಜ್ಜು ಎಂದು ಆಮೇಲೆ ಎಣಿಸಿಕೊಂಡಳು.

ಮೊದಲ ಮೂರು ಕಲ್ಲು ಎಮಿಲಿಯ ಎದುರೇ ಮುಗಿದವು. ಆಮೇಲೆ ಅವಳಿಗೆ ಪಾಠ ಮಾಡುವ ಸರದಿ ಬಂದು, ವಾರದ ದಿನಗಳಲ್ಲಿ ಮಿಸಿಸಾಗಕ್ಕೆ ಬರಲಾಗಲಿಲ್ಲ. "ನೀವು ನೋಡಿಕೊಳ್ಳುತ್ತೀರಲ್ಲ?" ಎಂದು ಕೇಳಿದಳು. ನನ್ನಂಥವಳನ್ನು ಹಾಗೆ ಕೇಳಬಾರದು.

ಒಂದು ಸಂಜೆ ಕೆಲಸದಿಂದ ಬಂದು ಬೇಸ್‌ಮೆಂಟಿಗೆ ಇಳಿದರೆ ನಾಲ್ಕನೆಯ ಕಲ್ಲಿನ ಪಕ್ಕದಲ್ಲಿ ಅರಿಸಿನ ಕುಂಕುಮದ ಬಟ್ಟಲು. ಸದ್ಯ, ಕಲ್ಲಿಗೆ ಇನ್ನೂ ಹಚ್ಚಿರಲಿಲ್ಲ. "ಹೊಸಾ ಕಲ್ಲು, ಪೂಜಿ ಮಾಡಲಾರದ ಹೆಂಗ ಕುಂದ್ರೂದು?" ಎಂದರು ಅತ್ತೆ. ಅರಿಸಿನದ ಕಣ ಸೇರಿದರೆ ಮೈಕ್ರೋಸ್ಕೋಪಿನಲ್ಲಿ ಏನಾಗುತ್ತದೆ ಎಂದು ನಾನು ಹತ್ತು ನಿಮಿಷ ಭಾಷಣ ಮಾಡಿದೆ. ಅವರು ಬಟ್ಟಲು ಒಳಗಿಟ್ಟು, ಕಲ್ಲಿಗೆ ದೂರದಿಂದಲೇ ಕೈ ಮುಗಿದು ಕೂತರು. ಮಾರನೆಯ ದಿನ ಕಲ್ಲಿನ ಮೇಲೆ ಅವರ ಒಂದು ಕೂದಲು. ಅದರ ಮಾರನೆಯ ದಿನ ಅವರು ಕೆಮ್ಮಿದರು. ಎಮಿಲಿಯ ಭವಿಷ್ಯ, ವಿಭಾಗದ ಮಾನ, ಮಾನವಕುಲದ ಮೂಲ ಎಲ್ಲವೂ ನನ್ನ ತಲೆಯ ಮೇಲೆ ಕೂತ ಹಾಗೆ ಅನ್ನಿಸತೊಡಗಿತು. ಗರಾಜಿನಲ್ಲಿ ಶಿವಾನಂದ ಗೋಡೆಗೆ ಬಣ್ಣ ಹೊಡೆಯುವಾಗ ಬಳಸಿ ಉಳಿಸಿದ್ದ ರಬ್ಬರ್ ಗ್ಲೌಸುಗಳ ಡಬ್ಬವೊಂದು ಇತ್ತು. ಅದನ್ನು ತಂದು, "ಇನ್ಮೇಲೆ ಇದನ್ನು ಹಾಕಿಕೊಂಡೇ ಅರೆಯಬೇಕು ಅತ್ತೆ" ಅಂದೆ.

"ಹುಣಸಿ ಹಂಗಂದಿಲ್ಲಲ್ಲ. ಕೈ ತೊಳಕೊಂಡ್ರ ಸಾಕು ಅಂದಾಳ."

"ಅವಳು ಇನ್ನೂ ಸ್ಟೂಡೆಂಟು. ನಾನು ಆ ಡಿಪಾರ್ಟ್‌ಮೆಂಟಲ್ಲಿ ಒಂಬತ್ತು ವರ್ಷದಿಂದ ಇದ್ದೀನಿ."

"ಕೈಗೆ ಚೀಲ ಹಾಕ್ಕೊಂಡ್ರ ಕಲ್ಲಿನ ಮೈ ತಿಳಿಯಂಗಿಲ್ಲವಾ."

"ತಿಳೀದೇ ಇದ್ರೂ ಪರವಾಗಿಲ್ಲ, ಕ್ಲೀನಾಗಿರಬೇಕು."

ಅತ್ತೆ ನನ್ನ ಮುಖ ನೋಡಿ, ಸಂಜೆಯ ಅಡುಗೆಯ ಬಗ್ಗೆ ಏನೂ ಅನ್ನದಿರುವ ಹಾಗೆಯೇ ಏನೂ ಅನ್ನದೆ, ಗ್ಲೌಸು ಹಾಕಿಕೊಂಡರು. ನಾನು ದಾಖಲೆ ಪುಸ್ತಕದಲ್ಲಿ, "ನಾಲ್ಕನೆಯ ಕಲ್ಲು. ಮುನ್ನೆಚ್ಚರಿಕೆಯಾಗಿ ಗ್ಲೌಸು ಧರಿಸಲಾಯಿತು. ಮೇಲ್ವಿಚಾರಣೆ: ಸುಮಾ" ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಗೆರೆಯನ್ನೂ ಎಳೆದೆ. ಐದನೆಯದಕ್ಕೂ ಹಾಗೇ ಬರೆದೆ, ಆರನೆಯದಕ್ಕೂ.

ಕಲ್ಲುಗಳು ಲ್ಯಾಬಿಗೆ ಹೋಗಿ ನಾಲ್ಕು ದಿನವಾಗಿತ್ತು. ಮಧ್ಯಾಹ್ನ ಎಮಿಲಿ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಮುಖ ಬಿಳಿಚಿಕೊಂಡಿತ್ತು. ಮೊದಲ ಮೂರು ಕಲ್ಲು ಬಹಳ ಚೆನ್ನಾಗಿವೆ, ಇಂಥ ಸವೆತ ಪುಸ್ತಕಗಳಲ್ಲೂ ನೋಡಿಲ್ಲ ಅಂದಳು. ಆದರೆ ನಾಲ್ಕು, ಐದು, ಆರರ ತುಂಬ ಕಾರ್ನ್ ಇದೆಯಂತೆ. ನವಣೆಯನ್ನೂ ಸಾವೆಯನ್ನೂ ಮುಚ್ಚಿಬಿಡುವಷ್ಟು ಕಾರ್ನಿನ ಪಿಷ್ಟ. ಅವಳ ಹಿಂದೆಯೇ ಬಂದ ಪ್ರೊಫೆಸರ್ ಗಾರ್ಡನ್, "ಕಾರ್ನ್ ಹುಟ್ಟಿದ್ದು ಅಮೆರಿಕದ ನೆಲದಲ್ಲಿ. ಆ ಕಾಲದ ಆಫ್ರಿಕಾಕ್ಕೆ ಅದನ್ನು ನಾವು ಹಡಗಿನಲ್ಲಿ ಕಳಿಸಿದ ಹಾಗಾಯಿತು" ಅಂದರು. ಪರಿಶೀಲನೆಗೆ ಒಂಬತ್ತು ದಿನ ಉಳಿದಿತ್ತು. "ನಾನು ವಿಚಾರಿಸುತ್ತೇನೆ" ಎಂದೆ. ವಿಚಾರಿಸುವುದಕ್ಕೇನಿದೆ, ಮನೆಯಲ್ಲಿ ಇಡೀ ದಿನ ಇರುವವರು ಯಾರು ಎಂದು ನನಗೆ ಗೊತ್ತಿರಲಿಲ್ಲವೇ? ಟ್ರೇನಿನಲ್ಲಿ ಮನೆಗೆ ಬರುವಷ್ಟರಲ್ಲಿ ನಾನು ಮನಸ್ಸಿನಲ್ಲೇ ವಿಚಾರಣೆ ಮುಗಿಸಿ ತೀರ್ಪನ್ನೂ ಬರೆದಿದ್ದೆ.

ಮೈಸೂರು ಬೆಂಗಳೂರಿನ ನಾವು ಕಾರ್ನ್ ಅನ್ನುವುದಕ್ಕೆ ಏನನ್ನುತ್ತೇವೆ? ಜೋಳ ಅನ್ನುತ್ತೇವೆ. ರಸ್ತೆಬದಿಯಲ್ಲಿ ಕೆಂಡದ ಮೇಲೆ ಸುಟ್ಟು ಉಪ್ಪು ಖಾರ ಸವರಿ ಕೊಡುವುದು ನಮಗೆ ಜೋಳ. ನಾನು ಹಾಗೇ ಕೇಳಿದೆ. "ಅತ್ತೆ, ಆ ಮೂರು ಕಲ್ಲಿನ ಮೇಲೆ ಜೋಳ ಸಿಕ್ಕಿದೆಯಂತೆ. ನಿಜ ಹೇಳಿ, ಜೋಳ ಮುಟ್ಟಿದ್ರಾ?"

ಅತ್ತೆ ಗಾಬರಿಯಾದರು. "ದಿನಾ ರೊಟ್ಟಿ ಬಡಿಯೂ ಕೈಯವಾ ಇದು. ತೊಳಕೊಂಡೇ ಕುಂತಿದ್ದೆ. ಉಗುರ ಸಂದ್ಯಾಗ ಉಳಿದಿತ್ತೋ ಏನೋ."

ಒಪ್ಪಿಕೊಂಡ ಹಾಗಾಯಿತು. ನನಗೆ ಸಿಟ್ಟೂ ಬಂತು, ನಾನು ಊಹಿಸಿದ್ದು ಸರಿಹೋಯಿತಲ್ಲ ಎಂಬ ಸಮಾಧಾನವೂ ಬಂತು. ಎರಡೂ ಒಟ್ಟಿಗೆ ಬಂದಾಗ ಮನುಷ್ಯ ತುಂಬ ಮಾತಾಡುತ್ತಾನೆ. ಇಷ್ಟು ಹೇಳಿದ ಮೇಲೂ ಹೀಗೆ ಮಾಡಬಹುದೇ, ಆ ಹುಡುಗಿಯ ಜೀವನದ ಪ್ರಶ್ನೆಯಲ್ಲವೇ, ಆಫೀಸಿನಲ್ಲಿ ನಾನು ತಲೆ ಎತ್ತಿಕೊಂಡು ಓಡಾಡುವುದು ಹೇಗೆ ಎಂದೆಲ್ಲ ಅಂದೆ. ಶಿವಾನಂದ ಮೆಟ್ಟಿಲ ಮೇಲಿನಿಂದ, "ಸುಮಾ, ಸಾಕ ಬಿಡು" ಅಂದರು. ನಾನು ಬಿಡಲಿಲ್ಲ. ಅತ್ತೆ ಎಲ್ಲ ಕೇಳಿಸಿಕೊಂಡು, ಸೆರಗಿಗೆ ಕೈ ಒರೆಸಿಕೊಂಡು ಎದ್ದರು. "ಆ ಕಾಗದದಾಗ ಬರದದಲ್ಲ, ಬ್ಯಾಡಾದ್ರ ಎದ್ದು ಹೋಗಬಹುದು, ಯಾಕಂತ ಹೇಳೂದು ಬ್ಯಾಡ ಅಂತ. ನಾ ಎದ್ದೆ" ಅಂದರು. ಆಮೇಲೆ ಕಾರಣ ಹೇಳದೆ ಇರಲು ಆಗಲಿಲ್ಲವೇನೋ, ಬಾಗಿಲಲ್ಲಿ ನಿಂತು, "ಹುಣಸಿ ಕಲಿಯಾಕ ಬಂದಿದ್ಲು. ನೀ ಕಾಯಾಕ ಬಂದಿ" ಎಂದು ತಮ್ಮ ಕೋಣೆಗೆ ಹೋದರು.

ಮರುದಿನ ಎಮಿಲಿಗೆ ನಡೆದದ್ದನ್ನು ಹೇಳಿದೆ. ಅವಳು ಅಳಲಿಲ್ಲ. ಉಳಿದ ಧಾನ್ಯವನ್ನೂ ದಾಖಲೆ ಪುಸ್ತಕವನ್ನೂ ತೆಗೆದುಕೊಂಡು ಹೋಗಲು ಸಂಜೆ ನನ್ನ ಜೊತೆಗೇ ಮನೆಗೆ ಬಂದಳು. ಬೇಸ್‌ಮೆಂಟಿನಲ್ಲಿ ಚಾಪೆಯ ಮೇಲೆ ಕೂತು ಪುಸ್ತಕ ತಿರುವಿದಳು. ತಿರುವುತ್ತ ತಿರುವುತ್ತ ಒಂದು ಕಡೆ ಬೆರಳು ನಿಲ್ಲಿಸಿ, "ಯಾವ ಗ್ಲೌಸು?" ಎಂದು ಕೇಳಿದಳು.

"ಅದು ನಾನೇ ಕೊಟ್ಟಿದ್ದು. ಮುನ್ನೆಚ್ಚರಿಕೆಗೆ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ಬಟ್ಟೆ ಒಗೆಯುವ ಯಂತ್ರದ ಮೇಲಿದ್ದ ಡಬ್ಬ ತಂದು ಕೊಟ್ಟೆ. ಅವಳು ಅದರ ಬದಿಯ ಸಣ್ಣ ಅಕ್ಷರ ಓದಿದಳು. ಒಂದು ಗ್ಲೌಸು ಹೊರಗೆಳೆದು, ತನ್ನ ಕಪ್ಪು ಕೋಟಿನ ತೋಳಿಗೆ ಮೆಲ್ಲಗೆ ತಟ್ಟಿದಳು. ಬಿಳಿಯ ಪುಡಿ ಬಿತ್ತು. ಗ್ಲೌಸು ಕೈಗೆ ಸಲೀಸಾಗಿ ಜಾರಲಿ ಎಂದು ಒಳಗೆ ಪುಡಿ ಸವರಿರುತ್ತಾರೆ. ಹಾಕಿ ಬಿಚ್ಚುವಾಗ ಅದು ಸುತ್ತಲೂ ಉದುರುತ್ತದೆ. ಆ ಪುಡಿ ಯಾವುದು ಅಂದರೆ ಕಾರ್ನಿನ ಪಿಷ್ಟ. ಲ್ಯಾಬಿನಲ್ಲಿ ಮೊದಲ ವರ್ಷದ ಹುಡುಗರಿಗೂ ಹೇಳಿಕೊಡುವ ಮೊದಲ ಪಾಠವಂತೆ ಇದು. ಪುಡಿಯಿಲ್ಲದ ಗ್ಲೌಸು ತರಿಸಿಕೊಡುವುದು ನಮ್ಮ ವಿಭಾಗದಲ್ಲಿ ಯಾರ ಕೆಲಸ ಎಂದು ಅವಳು ಕೇಳಲಿಲ್ಲ. ಒಂಬತ್ತು ವರ್ಷದಿಂದ ಆ ಆರ್ಡರು ಹಾಕುತ್ತಿರುವವಳು ನಾನೇ. ಯಾಕೆ ಪುಡಿಯಿಲ್ಲದ್ದೇ ಬೇಕು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಅತ್ತೆಯ ಕೋಣೆಯ ಬಾಗಿಲು ತಟ್ಟುವುದಕ್ಕೆ ನನಗೆ ಹಿಡಿದ ಹೊತ್ತಿನಲ್ಲಿ ಇನ್ನೊಂದು ಕಲ್ಲು ಅರೆಯಬಹುದಿತ್ತು. ಅವರು ಮಂಚದ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಒಂದು ಟವಲು ಮಡಿಸತೊಡಗಿದೆ. "ತಪ್ಪು ನನ್ನದು ಅತ್ತೆ. ನಿಮ್ಮ ಕೈಯದಲ್ಲ. ನಾನು ಕೊಟ್ಟ ಗ್ಲೌಸಿನ ಒಳಗಿತ್ತು ಅದು. ಜೋಳದ ಪುಡಿ."

"ಚೀಲದಾಗ ಜೋಳದ ಹಿಟ್ಟ್ಯಾಕ ಹಾಕ್ತಾರ?"

"ನಿಮ್ಮ ರೊಟ್ಟಿ ಜೋಳ ಅಲ್ಲ. ಹಳದಿದು. ತೆನೆ ಬರುತ್ತಲ್ಲ, ಸಿಪ್ಪೆ ಸುತ್ತಿಕೊಂಡು."

ಅತ್ತೆಯ ಕೈ ಬಟ್ಟೆಯ ಮೇಲೆ ನಿಂತಿತು. "ಗೋವಿನಜೋಳ? ಮೊದಲ ಗೋವಿನಜೋಳ ಅನ್ನಬಾರದೇನ? ನಾ ನಮ್ಮ ಬಿಳಿಜೋಳ ಅಂತ ತಿಳದು, ನಿನ್ನಿಯಿಂದ ನಂದ ತಪ್ಪಿರಬೇಕಂತ ಉಗುರ ತಿಕ್ಕೊಳ್ಳಾಕತ್ತೀನಿ."

ಅವರ ಬೆರಳುಗಳನ್ನು ಆಗ ನೋಡಿದೆ. ಉಗುರಿನ ಸುತ್ತ ಚರ್ಮ ಕೆಂಪಾಗಿತ್ತು. ಪಾತ್ರೆ ತಿಕ್ಕುವ ಬ್ರಷ್ಷಿನಿಂದ ತಿಕ್ಕಿಕೊಂಡಿದ್ದರು. ಆ ಟವಲನ್ನೇ ಬಿಚ್ಚಿ ಬಿಚ್ಚಿ ಮಡಿಸುತ್ತಿದ್ದೆ. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಸರಿಯಾಗಿ ಮಡಿಸಿದರು. "ಹುಣಸಿ ಬಂದಾಳೇನ ಕೆಳಗ?" ಎಂದು ಕೇಳಿದರು. ಹೌದು ಅಂದೆ. "ಉಂಡಿಲ್ಲ ಅನಸ್ತೈತಿ. ಮೊದಲ ಆಕಿಗೆ ರೊಟ್ಟಿ ಕೊಡು. ನಾಳಿಂದ ಕುಂದ್ರತೀನಿ. ಆದ್ರ ನೀ ಕೆಳಗ ಬರಬ್ಯಾಡ."

ಎಮಿಲಿ ತನ್ನ ಪಾಠಗಳನ್ನು ಗೆಳತಿಗೆ ಒಪ್ಪಿಸಿ ಐದು ದಿನ ನಮ್ಮ ಮನೆಯಲ್ಲೇ ಉಳಿದಳು. ಹೊಸದಾಗಿ ಮೂರು ಜೊತೆ ಕಲ್ಲು ಬಂತು. ನಾನು ಮೇಲೆ ಸಾರು ಕುದಿಸುತ್ತ, ಕೆಳಗಿನಿಂದ ಬರುವ ಸದ್ದಿಗೆ ಕಿವಿಗೊಟ್ಟು ನಿಲ್ಲುತ್ತಿದ್ದೆ. ಮೊದಲ ದಿನ ಒಂದೇ ಹಾಡು, ಒಂದೇ ಉಜ್ಜು. ಮೂರನೆಯ ದಿನ ಹಾಡು ನಿಂತರೂ ಉಜ್ಜುವ ಸದ್ದು ನಿಲ್ಲಲಿಲ್ಲ. "ಭುಜಾ, ಹುಣಸಿ, ಭುಜಾ. ಕೈ ಅಲ್ಲ" ಎಂದು ಅತ್ತೆ ಹೇಳುವುದು ಕೇಳಿಸಿತು. ಆ ಹುಡುಗಿಗೆ ಕನ್ನಡ ಬಾರದು, ಅತ್ತೆಗೆ ಇಂಗ್ಲಿಷು ಬಾರದು, ಅನುವಾದಕಿಯೋ ಒಲೆಯ ಮುಂದೆ. ಆದರೂ ಯಾರೂ ನನ್ನನ್ನು ಕರೆಯಲಿಲ್ಲ. ಎರಡು ಸಲ ನಾನಾಗಿಯೇ ಮೆಟ್ಟಿಲ ತಲೆಯಲ್ಲಿ ನಿಂತು, "ಏನಾದರೂ ಬೇಕಾ?" ಎಂದು ಕೂಗಿದೆ. ಎರಡೂ ಸಲ ಎರಡು ಭಾಷೆಯಲ್ಲಿ ಒಟ್ಟಿಗೆ "ಬೇಡ" ಎಂದು ಉತ್ತರ ಬಂತು.

ಪರಿಶೀಲನೆಯ ಹಿಂದಿನ ದಿನ ಕಲ್ಲುಗಳು ಮೈಕ್ರೋಸ್ಕೋಪಿನ ಕೆಳಗಿದ್ದವು. ಪ್ರೊಫೆಸರ್ ಗಾರ್ಡನ್ ಬಹಳ ಹೊತ್ತು ನೋಡಿ, ಇವುಗಳಲ್ಲಿ ಎರಡು ಪಳಗಿದ ಕೈಯವು, ಒಂದು ಪಳಗುತ್ತಿರುವ ಕೈಯದು ಅಂದರು. ಆ ಮೂರನೆಯದು ಎಮಿಲಿಯದು. ಕಲಿಯುವವರ ಕಲ್ಲು ಹೇಗಿರುತ್ತದೆ ಎಂಬುದನ್ನೂ ಪ್ರಬಂಧದಲ್ಲಿ ಸೇರಿಸು, ಹಳೆಯ ಕಾಲದಲ್ಲೂ ಮಕ್ಕಳು ಕಲಿತೇ ಇರಬೇಕಲ್ಲ ಎಂದು ಸಮಿತಿಯವರು ಹೇಳಿದರಂತೆ. ಎಮಿಲಿ ಆಫ್ರಿಕಾಕ್ಕೆ ಹೊರಟಳು. ಹಾವಿನ ಫಾರಮ್ಮಿಗೆ ನಾನೇ ಸಹಿ ಹಾಕಿಸಿದೆ. ಹೊರಡುವ ಮುನ್ನ ಮನೆಗೆ ಬಂದು ಅತ್ತೆಯ ಕಾಲು ಮುಟ್ಟಿದಳು. ಯಾರು ಹೇಳಿಕೊಟ್ಟಿದ್ದರೋ, ನಾನಂತೂ ಅಲ್ಲ.

ಈಗ ಅತ್ತೆ ತಿಂಗಳಿಗೊಮ್ಮೆ ನನ್ನ ಜೊತೆ ಟ್ರೇನಿನಲ್ಲಿ ವಿಭಾಗಕ್ಕೆ ಬರುತ್ತಾರೆ. ಹೊಸ ವಿದ್ಯಾರ್ಥಿಗಳನ್ನು ಚಾಪೆಯ ಮೇಲೆ ಸಾಲಾಗಿ ಕೂರಿಸಿ ಅರೆಯುವುದನ್ನು ಕಲಿಸುತ್ತಾರೆ. ಕೋಣೆ ಗೊತ್ತುಮಾಡುವುದು, ಚಾಪೆ ತರಿಸುವುದು, ಅವರಿಗೆ ಸಕ್ಕರೆ ಕಮ್ಮಿ ಚಹಾ ತರುವುದು ನನ್ನ ಕೆಲಸ. ಮೊದಲ ತರಗತಿಗೆ ಮುಂಚೆ ಪ್ರೊಫೆಸರ್ ಗಾರ್ಡನ್ ನನ್ನನ್ನು ಕರೆದು, ಹಿಂದೆ ಆದಂಥ ತೊಂದರೆ ಮತ್ತೆ ಆಗಬಾರದು, ಒಂದು ಸೂಚನೆ ತಯಾರು ಮಾಡಿ ಅಂದರು. ಇಂಥವನ್ನು ಬರೆಯುವುದರಲ್ಲಿ ನನ್ನ ಕೈ ಪಳಗಿದೆ. ದೊಡ್ಡ ಅಕ್ಷರದಲ್ಲಿ ಬರೆದು, ಪ್ಲಾಸ್ಟಿಕ್ ಹೊದಿಸಿ, ಕೋಣೆಯ ಬಾಗಿಲಿಗೆ ಅಂಟಿಸುತ್ತಿದ್ದಾಗ ಅತ್ತೆ ಬಂದರು.

"ಏನ ಬರದೀ?"

"ತರಬೇತಿ ಆಗದವರು ಅರೆಯುವ ಹೊತ್ತಿನಲ್ಲಿ ಒಳಗೆ ಇರಬಾರದು ಅಂತ."

ಅತ್ತೆ ಒಳಗೆ ಇಣುಕಿದರು. ಎಂಟು ವಿದ್ಯಾರ್ಥಿಗಳು ಆಗಲೇ ಕೈ ತೊಳೆದು ಕೂತಿದ್ದರು. "ಇವರೆಲ್ಲಾ ಕಲಿಯಾಕ ಬಂದಾರ. ಮತ್ತ ಇದು ಯಾರ ಸಲುವಾಗಿ?"

"ನನ್ನ ಸಲುವಾಗಿ ಅತ್ತೆ."

ಅವರಿಗೆಂದು ನಾನು ತಂದು ಪಕ್ಕದ ಮೇಜಿನ ಮೇಲಿಟ್ಟಿದ್ದ ಚಹಾದ ಲೋಟವನ್ನು ಅವರು ತೆಗೆದುಕೊಂಡರು. "ಛಲೋ ಬರದೀ. ಬಾಗಲಾ ಎಳಕೊಂಡು ಹೋಗು" ಅಂದರು.